ದೂರವಾಣಿಯ ಜೋಡಣೆಯೂ ಅದರ ಲೆಕ್ಕವೂ

ದೂರವಾಣಿಯ ಚರಿತ್ರೆಯನ್ನು ಬರೆದವರಲ್ಲಿ ಹೆಚ್ಚಿನವರು ಮನುಷ್ಯನ ಧ್ವನಿಯು ತಂತಿಯನ್ನೇರಿ ದೂರ ಹೋದ ಬಗೆಯನ್ನೇ ವಿಸ್ತರಿಸಿ ಹೇಳುತ್ತಾರೆ. ಅದು ವಿಸ್ಮಯಕರವಾದುದೇ ಸರಿ. ಆದರೆ ಧ್ವನಿಯು ದೂರ ಹೋದ ಮಾತ್ರದಿಂದ ದೂರವಾಣಿಯೆಂಬ ಲೋಕವ್ಯವಹಾರವು ಹುಟ್ಟಲಿಲ್ಲ. ಯಾರು ಯಾರೊಡನೆ ಮಾತನಾಡಬೇಕೆಂಬುದನ್ನರಿತು ಇಬ್ಬರನ್ನೂ ಕೂಡಿಸುವುದೊಂದು ಕಾರ್ಯ. ಆ ಮಾತು ಎಷ್ಟು ಹೊತ್ತು ನಡೆಯಿತೆಂದು ಬರೆದಿಟ್ಟು ಹಣವನ್ನು ಕೇಳುವುದು ಇನ್ನೊಂದು. ಮೊದಲನೆಯದು ಜೋಡಣೆ, ಎರಡನೆಯದು ಗಣನೆ. ಈ ಎರಡೂ ಬಹುಕಾಲ ಒಂದೇ ಕೈಯಲ್ಲಿದ್ದುವು; ಇಂಟರ್‌ನೆಟ್ಟಿನ ಮೂಲಕ ಮಾತನಾಡುವ ಕಾಲ ಬಂದಾಗ ಒಂದರಿಂದೊಂದು ಬೇರ್ಪಟ್ಟುವು. ಹಾಗೆ ಬೇರ್ಪಟ್ಟ ಮೇಲೆ ಗಣನೆಯು ಬರಿಯ ಎಣಿಕೆಯಾಗಿ ಉಳಿಯದೆ ಸಾಕ್ಷ್ಯವಾಗಿ ಪರಿಣಮಿಸಿದ ಕ್ರಮವನ್ನು ಇಲ್ಲಿ ವಿಚಾರಿಸಿದೆ.

ಸಾಕ್ಷ್ಯದ ಮಾತು ಬಂದುದರಿಂದ ಒಂದು ಅಳತೆಗೋಲನ್ನು ಮೊದಲೇ ಇಟ್ಟುಕೊಳ್ಳುವುದು ಯುಕ್ತ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಲಿಖಿತ, ಭುಕ್ತಿ, ಸಾಕ್ಷಿ ಎಂದು ಮೂರು ಮಾನುಷಪ್ರಮಾಣಗಳು ಹೇಳಲ್ಪಟ್ಟಿವೆ. ಸಾಲದ ಪತ್ರದಲ್ಲಿ ವರ್ಷ, ಮಾಸ, ಪಕ್ಷ, ದಿನಗಳೂ ಉಭಯರ ಹೆಸರು ಮೊದಲಾದುವೂ ಇರಬೇಕು, ಸಾಲಗಾರನು ತನ್ನ ಕೈಯಿಂದ ಹೆಸರು ಬರೆದು ಒಪ್ಪಬೇಕು, ಸಾಕ್ಷಿಗಳು ಬರೆಯಬೇಕು, ಕೊನೆಯಲ್ಲಿ ಲೇಖಕನು, ಉಭಯರ ಕೋರಿಕೆಯಿಂದ ತಾನು ಬರೆದುದಾಗಿ ಹೇಳಬೇಕು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರೆಯಲ್ಲಿ ಈ ಪ್ರಕರಣವನ್ನು ವಿವರಿಸಿದ್ದಾನೆ. ಹಣ ಬರಬೇಕಾದವನೇ ಒಬ್ಬನೇ ಕುಳಿತು ಬರೆದುಕೊಂಡ ಲೆಕ್ಕಕ್ಕೆ ಎಷ್ಟು ಬಲವಿರಬೇಕೆಂಬ ಪ್ರಶ್ನೆಯೇ ಈ ನಿಯಮಗಳ ಹಿಂದಿರುವುದು. ದೂರವಾಣಿಯ ಬಿಲ್ಲಿನ ಹಿಂದಿರುವುದೂ ಅದೇ ಪ್ರಶ್ನೆ.

ಕ್ರಿ. ಶ. ೧೮೭೬ರಲ್ಲಿ ಬೆಲ್ಲನಿಗೆ ದೂರವಾಣಿಯ ಹಕ್ಕುಪತ್ರ ದೊರೆಯಿತು. ೧೮೭೮ನೆಯ ಜನವರಿ ೨೮ರಂದು ಅಮೆರಿಕದ ನ್ಯೂ ಹೇವನ್ ಪಟ್ಟಣದಲ್ಲಿ ವಾಣಿಜ್ಯಕ್ಕಾಗಿ ಮೊದಲ ಎಕ್ಸ್‌ಚೇಂಜು ತೆರೆಯಲ್ಪಟ್ಟಿತು. ಚಂದಾದಾರರು ೨೧ ಮಂದಿ. ತಿಂಗಳಿಗೆ ಇಂತಿಷ್ಟೆಂಬ ಬಾಡಿಗೆಯಿದ್ದುದರಿಂದ ಅಲ್ಲಿ ಕರೆಗಳನ್ನು ಎಣಿಸುವ ಅಗತ್ಯವೇ ಬೀಳಲಿಲ್ಲ. ಸರಿಯಾಗಿ ನಾಲ್ಕು ವರ್ಷ ಕಳೆದು, ೧೮೮೨ರ ಅದೇ ಜನವರಿ ೨೮ರಂದು, ಕಲ್ಕತ್ತ, ಬೊಂಬಾಯಿ, ಮದರಾಸುಗಳ ಎಕ್ಸ್‌ಚೇಂಜುಗಳು ತೆರೆಯಲ್ಪಟ್ಟುವು. ಕಲ್ಕತ್ತೆಯದಕ್ಕೆ ೯೩ ಚಂದಾದಾರರಿದ್ದರು. ಆಗ ಜೋಡಿಸುವ ಯಂತ್ರವೆಂದರೆ ಮನುಷ್ಯನೇ. ಹಲಗೆಯ ಮುಂದೆ ಕುಳಿತ ಆಪರೇಟರು ಇವರ ತಂತಿಯನ್ನು ಅವರ ತೂತಿಗೆ ಸೇರಿಸುವನು. ಊರಿಂದೂರಿಗೆ ಕರೆ ಹೋಗುವ ಕಾಲ ಬಂದಾಗ ಆತನೇ ಒಂದು ಚೀಟಿಯಲ್ಲಿ ಕರೆದವನ ಸಂಖ್ಯೆ, ಕರೆಯಲ್ಪಟ್ಟವನ ಸಂಖ್ಯೆ, ಆರಂಭದ ಹೊತ್ತು, ನಿಮಿಷಗಳು ಇಷ್ಟನ್ನೂ ಬರೆದಿಡತೊಡಗಿದನು. ಟ್ರಂಕ್ ಕಾಲ್ ಬುಕ್ ಮಾಡಿ, ಅದು ಅರ್ಜೆಂಟೋ ಲೈಟ್ನಿಂಗೋ ಎಂದು ಹೇಳಿ, ಗಂಟೆಗಟ್ಟಲೆ ಕಾದು ಮಾತನಾಡಿದವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಆ ಚೀಟಿಯನ್ನು ಪೂರ್ವೋಕ್ತ ಪತ್ರಕ್ಕೆ ಹೋಲಿಸಿದರೆ ಅದು ಬಹುಪಾಲು ನೆರವೇರಿದ ಲೇಖ್ಯವೆಂದೇ ಹೇಳಬೇಕು. ಉಭಯರ ಹೆಸರಿದ್ದಿತು, ಕಾಲವಿದ್ದಿತು. ಬರೆದ ಲೇಖಕನು ಬದುಕಿರುವ ಮನುಷ್ಯನಾಗಿದ್ದನು.

ಈ ಲೇಖಕನನ್ನು ನಡುವಿನಿಂದ ತೆಗೆದವನು ಆಲ್ಮನ್ ಸ್ಟ್ರೌಜರ್. ಕನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವೃತ್ತಿಯನ್ನು ನಡೆಸುತ್ತಿದ್ದ ಈತನ ಗಿರಾಕಿಗಳನ್ನು ಆಪರೇಟರಳು ತನ್ನ ಗಂಡನ ಅಂಗಡಿಗೆ ತಿರುಗಿಸುತ್ತಿದ್ದಳೆಂದೂ, ಆ ಸಿಟ್ಟಿನಿಂದ ಈತನು ಆಪರೇಟರೇ ಬೇಡವಾದ ಯಂತ್ರವನ್ನು ಕಲ್ಪಿಸಿದನೆಂದೂ ಒಂದು ಪ್ರತೀತಿಯುಂಟು. ಕಥೆ ಎಷ್ಟು ಮಟ್ಟಿಗೆ ನಿಜವೋ ಆಗಲಿ, ಅದು ಲೋಕದಲ್ಲಿ ನಿಂತುದಕ್ಕೆ ಕಾರಣವು ಸ್ಪಷ್ಟವಾಗಿದೆ: ಜೋಡಿಸುವವನು ತಟಸ್ಥನೇ ಎಂಬ ಶಂಕೆ ಎಲ್ಲರಲ್ಲಿಯೂ ಇದ್ದಿತು. ೧೮೯೧ರಲ್ಲಿ ಆತನಿಗೆ ಹಕ್ಕುಪತ್ರ ಸಿಕ್ಕಿತು. ೧೮೯೨ರ ನವೆಂಬರಿನಲ್ಲಿ ಇಂಡಿಯಾನ ಪ್ರಾಂತದ ಲಾ ಪೋರ್ಟೆಯಲ್ಲಿ ಆ ಯಂತ್ರದ ಮೊದಲ ಎಕ್ಸ್‌ಚೇಂಜು ನಡೆಯತೊಡಗಿತು. ಮುಂದೆ ರೂಪುಗೊಂಡ ವ್ಯವಸ್ಥೆಯಲ್ಲಿ ಚಂದಾದಾರನು ತಿರುಗಿಸಿದ ಪ್ರತಿಯೊಂದು ಅಂಕೆಯೂ ತಂತಿಯಲ್ಲಿ ಅಷ್ಟೇ ಮಿಡಿತಗಳಾಗಿ ಹೋಗಿ, ಒಂದು ಲೋಹದ ಕೈಯನ್ನು ಅಷ್ಟೇ ಮೆಟ್ಟಿಲು ಮೇಲಕ್ಕೆತ್ತಿ, ಬಳಿಕ ಅಡ್ಡಲಾಗಿ ಸರಿಸುವುದು. ಹಿಂದೂದೇಶದಲ್ಲಿ ಮೊದಲ ಸ್ವಯಂಚಾಲಿತ ಎಕ್ಸ್‌ಚೇಂಜು ಬಂದುದು ಸಿಮ್ಲಾದಲ್ಲಿ, ೧೯೧೩–೧೪ರಲ್ಲಿ. ೧೯೪೮ರಲ್ಲಿ ಬೆಂಗಳೂರಿನ ದೂರವಾಣಿನಗರದಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯು ಮೊದಲು ತಯಾರಿಸಿದುದೂ ಈ ಸ್ಟ್ರೌಜರ್ ಮಾದರಿಯನ್ನೇ.

ಲೆಕ್ಕದ ಗತಿಯೇನಾಯಿತು? ಎಕ್ಸ್‌ಚೇಂಜಿನಲ್ಲಿ ಪ್ರತಿ ಚಂದಾದಾರನಿಗೂ ಒಂದು ಸಣ್ಣ ಮೀಟರು. ಆಚೆಯವನು ರಿಸೀವರನ್ನು ಎತ್ತಿದೊಡನೆ ತಂತಿಯಲ್ಲಿ ಒಂದು ವಿದ್ಯುತ್ಸಂಜ್ಞೆ ಹಿಂದಿರುಗುವುದು. ಕರೆದವನ ಮೀಟರು ಒಂದು ಸಂಖ್ಯೆ ಮುಂದಕ್ಕೆ ಹೋಗುವುದು. ಅಷ್ಟೇ. ಇಲ್ಲಿ ಗಣನೆಯು ಜೋಡಣೆಯ ನೆರಳಿನಂತಿದೆ. ಮರ ಅಲುಗಿದರೆ ನೆರಳು ಅಲುಗುವುದು. ನೆರಳಿಗೆ ಬೇರೆ ಸಾಕ್ಷಿ ಬೇಡ. ದೂರದ ಕರೆಗಳಿಗೂ ಇದೇ ಮೀಟರನ್ನು ಒಗ್ಗಿಸಿದ ಉಪಾಯವು ಬಲು ಚತುರವಾದುದು. ದೂರ ಹೆಚ್ಚಿದಷ್ಟೂ ಮೀಟರಿಗೆ ಹೋಗುವ ಮಿಡಿತಗಳ ನಡುವಣ ಅಂತರವನ್ನು ಕಡಮೆ ಮಾಡಿದರೆ ಸಾಕು. ೧೯೫೮ನೆಯ ಡಿಸೆಂಬರ್ ೫ರಂದು ಇಂಗ್ಲೆಂಡಿನ ರಾಣಿಯು ಬ್ರಿಸ್ಟಲಿನಿಂದ ಎಡಿನ್‌ಬರೋವಿನ ನಗರಾಧ್ಯಕ್ಷನಿಗೆ ತಾನೇ ಸಂಖ್ಯೆಯನ್ನು ತಿರುಗಿಸಿ ಮಾತನಾಡಿದಾಗ, ೨ ನಿಮಿಷ ೫ ಸೆಕೆಂಡುಗಳಿಗೆ ೧೦ ಪೆನ್ನಿಯಾಯಿತು. ಹಿಂದೂದೇಶದಲ್ಲಿ ೧೯೬೦ರಲ್ಲಿ ಕಾನ್ಪುರ ಲಖನೌಗಳ ನಡುವೆ ಎಸ್.ಟಿ.ಡಿ. ಆರಂಭವಾಯಿತು. ರಾತ್ರಿಯ ದರ ಅರ್ಧ, ಇನ್ನೂ ಹೊತ್ತಾದರೆ ಕಾಲುಪಾಲು ಎಂದು ಜನರು ಹಳದಿ ಬೂತುಗಳ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲದಲ್ಲಿಯೂ ನಡೆಯುತ್ತಿದ್ದುದು ಇದೇ: ಮಿಡಿತಗಳ ನಡುವಣ ಅಂತರವು ರಾತ್ರಿಯಾದಂತೆ ಹಿಗ್ಗುತ್ತಿದ್ದಿತು.

ಆ ಬೂತಿನ ವಿಷಯದಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿಯಲಾಗದು. ಮನೆಯ ಚಂದಾದಾರನಿಗೆ ಬರುತ್ತಿದ್ದ ಬಿಲ್ಲಿನಲ್ಲಿ ಹಿಂದಿನ ಸಂಖ್ಯೆ, ಇಂದಿನ ಸಂಖ್ಯೆ, ವ್ಯತ್ಯಾಸ, ಹಣ ಇಷ್ಟೇ ಇರುತ್ತಿದ್ದುವು. ಯಾರಿಗೆ ಕರೆ ಹೋಯಿತು, ಎಂದು ಹೋಯಿತು ಎಂಬುದಿಲ್ಲ. ಲೇಖ್ಯವು ಕುಗ್ಗಿ ಒಂದೇ ಸಂಖ್ಯೆಯಾಗಿ ಹೋಗಿದ್ದಿತು. ಆ ಸಂಖ್ಯೆ ತಪ್ಪೆಂದು ಹೇಳುವವನ ಕೈಯಲ್ಲಿ ಯಾವ ಆಧಾರವೂ ಇರಲಿಲ್ಲ. ಬೂತಿನಲ್ಲಿಯಾದರೋ ಗಿರಾಕಿಯ ಕಣ್ಣೆದುರಿಗೇ ಕೆಂಪು ಅಂಕೆಗಳು ಏರುತ್ತಿದ್ದುವು. ಎಲ್ಲಿ ನಿಲ್ಲಿಸಬೇಕೆಂಬುದು ಅವನಿಗೆ ತಿಳಿಯುತ್ತಿದ್ದಿತು. ಚೀಟಿಯೂ ಕೈಗೆ ಬರುತ್ತಿದ್ದಿತು. ಹಣ ಕೊಡುವವನೇ ಗಣನೆಗೆ ಸಾಕ್ಷಿಯಾಗಿದ್ದುದು ದೂರವಾಣಿಯ ಚರಿತ್ರೆಯಲ್ಲಿ ಬಹುಶಃ ಆ ಬೂತಿನಲ್ಲಿಯೇ ಹೆಚ್ಚು. ಸಿರಿವಂತನ ಮನೆಯ ದೂರವಾಣಿಗಿಂತ ಬೀದಿಯ ಬೂತಿನ ಲೆಕ್ಕವು ಶಾಸ್ತ್ರಕ್ಕೆ ಹತ್ತಿರವಾಗಿದ್ದಿತೆನ್ನಬೇಕು.

ಅಮೆರಿಕದಲ್ಲಿ ಬೇರೆ ದಾರಿ ಹಿಡಿದರು. ೧೯೪೮ರಲ್ಲಿ ಪೆನ್‌ಸಿಲ್‌ವೇನಿಯದ ಮೀಡಿಯ ಎಂಬ ಊರಿನಲ್ಲಿ ಕ್ರಾಸ್‌ಬಾರ್ ಜಾತಿಯ ಎಕ್ಸ್‌ಚೇಂಜಿನೊಡನೆ ಒಂದು ಹೊಸ ಯಂತ್ರವನ್ನಿಟ್ಟರು. ಅದು ಪ್ರತಿ ಕರೆಯ ವಿವರವನ್ನೂ ಕಾಗದದ ಪಟ್ಟಿಯ ಮೇಲೆ ರಂಧ್ರಗಳಾಗಿ ಕೊರೆಯುತ್ತಿದ್ದಿತು. ಆಪರೇಟರನ ಚೀಟಿಯು ಈ ರೂಪದಲ್ಲಿ ಮರಳಿತು. ಲೇಖಕನು ಮಾತ್ರ ಯಂತ್ರವಾಗಿದ್ದನು. ಒಂದೇ ಕರೆಯ ಆರಂಭವೂ ಮುಕ್ತಾಯವೂ ಪಟ್ಟಿಯ ಬೇರೆಬೇರೆ ಕಡೆಗಳಲ್ಲಿ ಬೀಳುತ್ತಿದ್ದುದರಿಂದ ಅವುಗಳನ್ನು ಹುಡುಕಿ ಒಂದುಗೂಡಿಸುವುದಕ್ಕೆ ಮತ್ತೊಂದು ಯಂತ್ರ ಬೇಕಾಯಿತು. ಜೋಡಣೆ ಇಲ್ಲಿ, ಗಣನೆ ಅಲ್ಲಿ ಎಂಬ ಭೇದದ ಬೀಜವು ಇಲ್ಲಿಯೇ ಬಿದ್ದುದು.

ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳ ಕಥೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ೧೯೬೫ರಲ್ಲಿ ನ್ಯೂ ಜೆರ್ಸಿಯ ಸಕಸನ್ನದಲ್ಲಿ, ಸ್ಮೃತಿಯಲ್ಲಿಟ್ಟ ಆಜ್ಞಾವಳಿಯಿಂದ ನಡೆಯುವ ಎಕ್ಸ್‌ಚೇಂಜು ಬಂದಿತು. ಅಂದಿನಿಂದ ಜೋಡಣೆಯು ಲೋಹದ ಕೆಲಸವಾಗಿರದೆ ಬರವಣಿಗೆಯ ಕೆಲಸವಾಯಿತು. ಹಿಂದೂದೇಶದಲ್ಲಿ ೧೯೮೪ರಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿತು. ಅದರ ಕಾರ್ಯನಿರ್ವಾಹಕ ನಿರ್ದೇಶಕರಾಗಿದ್ದ ಜಿ. ಬಿ. ಮೀಮಾಂಸಿ ಅವರ ಹೆಸರು ಶಾಸ್ತ್ರಪಾಠಕರ ಕಿವಿಗೆ ಹಿತವಾದುದು. ಗ್ರಾಮಗಳಿಗೆಂದೇ ರಚಿತವಾದ, ಶೀತಲಗೃಹವನ್ನು ಬಯಸದ, ೧೨೮ ದ್ವಾರಗಳ ಅದರ ಮೊದಲ ಎಕ್ಸ್‌ಚೇಂಜು ೧೯೮೬ರಲ್ಲಿ ನಮ್ಮ ಕಿತ್ತೂರಿನಲ್ಲಿ ನೆಲೆಗೊಂಡಿತು. ಚೆನ್ನಮ್ಮನ ಊರಿಗೆ ಇದೊಂದು ಬೇರೆ ಬಗೆಯ ಕೀರ್ತಿ.

ಈ ನಡುವೆ ನಡೆದ ಒಂದು ಅನಾಹುತವನ್ನು ಮಾತ್ರ ಬಿಡುವಂತಿಲ್ಲ. ಅಮೆರಿಕದ ದೂರದ ತಂತಿಗಳಲ್ಲಿ ಮಾತು ಹೋಗುವ ದಾರಿಯಲ್ಲಿಯೇ ಜೋಡಣೆಯ ಆಜ್ಞೆಗಳೂ ಸ್ವರರೂಪದಲ್ಲಿ ಹೋಗುತ್ತಿದ್ದುವು. ಸೆಕೆಂಡಿಗೆ ೨೬೦೦ ಕಂಪನಗಳ ಸ್ವರವು ಕೇಳಿಸಿದರೆ ತಂತಿ ಬಿಡುವಾಗಿದೆಯೆಂದು ಯಂತ್ರವು ತಿಳಿಯುವುದು. ಚಂದಾದಾರನೇ ಆ ಸ್ವರವನ್ನು ಊದಿದರೆ? ಯಂತ್ರಕ್ಕೆ ಭೇದ ತಿಳಿಯದು. ೧೯೬೦–೭೦ರ ದಶಕಗಳಲ್ಲಿ ನೀಲಿ ಪೆಟ್ಟಿಗೆಯೆಂದು ಹೆಸರಾದ ಉಪಕರಣದಿಂದ ಇಂತಹ ಸ್ವರಗಳನ್ನು ಹೊರಡಿಸಿ, ಹಣ ಕೊಡದೆ ದೇಶದೇಶಗಳಿಗೆ ಮಾತನಾಡಿದವರು ಅನೇಕರು. ಆಜ್ಞೆಯೂ ಮಾತೂ ಒಂದೇ ದಾರಿಯಲ್ಲಿ ಹೋದರೆ ಮಾತನಾಡುವವನೇ ಆಜ್ಞಾಪಿಸಬಲ್ಲನೆಂಬುದು ಇದರಿಂದ ಸ್ಪಷ್ಟವಾಯಿತು. ೧೯೭೬ರಿಂದ ಅಲ್ಲಿ ಆಜ್ಞೆಗಳಿಗೆ ಪ್ರತ್ಯೇಕ ಮಾರ್ಗವನ್ನು ಕೊಡತೊಡಗಿದರು. ರೋಗಕ್ಕೆ ಮದ್ದಾಗಿ ಬಂದ ಈ ಪ್ರತ್ಯೇಕತೆಯೇ ಮುಂದೆ ಇಂಟರ್‌ನೆಟ್ ದೂರವಾಣಿಯಲ್ಲಿ ಸ್ವಭಾವವಾಗಿ ನಿಂತಿತು.

ಮಾತನ್ನು ಚಿಕ್ಕಚಿಕ್ಕ ಪ್ಯಾಕೆಟ್ಟುಗಳಾಗಿ ತುಂಡರಿಸಿ ಗಣಕಜಾಲದಲ್ಲಿ ಕಳುಹಿಸುವ ಪ್ರಯೋಗವು ೧೯೭೪ರಲ್ಲಿಯೇ, ಡ್ಯಾನಿ ಕೊಹೆನ್ ಮೊದಲಾದವರಿಂದ, ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಂಸ್ಥೆಗೂ ಲಿಂಕನ್ ಪ್ರಯೋಗಶಾಲೆಗೂ ನಡುವೆ ನಡೆದಿದ್ದಿತು. ಸಾಮಾನ್ಯ ಜನರ ಕೈಗೆ ಅದು ಬಂದುದು ೧೯೯೫ರಲ್ಲಿ, ಇಸ್ರೇಲಿನ ವೋಕಲ್‌ಟೆಕ್ ಸಂಸ್ಥೆಯ ಇಂಟರ್‌ನೆಟ್ ಫೋನ್ ಎಂಬ ಸಾಫ್ಟ್‌ವೇರಿನಿಂದ. ಮರುವರ್ಷವೇ ಅಮೆರಿಕದ ಸಣ್ಣ ದೂರವಾಣಿ ಕಂಪೆನಿಗಳ ಸಂಘವೊಂದು ಇಂತಹ ಸಾಫ್ಟ್‌ವೇರಿನ ಮಾರಾಟವನ್ನು ತಡೆಯಬೇಕೆಂದು ಸರ್ಕಾರದ ಆಯೋಗಕ್ಕೆ ಅರ್ಜಿ ಹಾಕಿತು. ಅರ್ಜಿದಾರರ ಭಯವು ಸಕಾರಣವಾಗಿಯೇ ಇದ್ದಿತು. ತಂತಿಯುಳ್ಳವನೇ ಜೋಡಿಸುವವನು, ಜೋಡಿಸುವವನೇ ಎಣಿಸುವವನು ಎಂಬ ನೂರು ವರ್ಷದ ಸಂಬಂಧವು ಅಲ್ಲಿ ಕಡಿದುಹೋಗುತ್ತಿದ್ದಿತು.

ಈಗ ರೂಢಿಯಲ್ಲಿರುವ ಕ್ರಮಕ್ಕೆ ಎಸ್.ಐ.ಪಿ. ಎಂದು ಹೆಸರು. ೧೯೯೯ರಲ್ಲಿ ಅದರ ಮೊದಲ ಪಾಠವೂ ೨೦೦೨ರಲ್ಲಿ ಪರಿಷ್ಕೃತ ಪಾಠವೂ ಪ್ರಕಟವಾದುವು. ಇದರಲ್ಲಿ ಕರೆಯೆಂಬುದು ಒಂದು ಪತ್ರವ್ಯವಹಾರ. ಕರೆಯುವವನಿಂದ ‘ಇನ್‌ವೈಟ್’ ಎಂಬ ಆಹ್ವಾನ ಹೋಗುವುದು. ಆಚೆಯಿಂದ ಗಂಟೆ ಬಾರಿಸುತ್ತಿದೆಯೆಂಬ ಸೂಚನೆ, ಬಳಿಕ ‘ಓಕೆ’ ಎಂಬ ಅಂಗೀಕಾರ. ಅದು ತಲಪಿತೆಂಬುದಕ್ಕೆ ಈಚೆಯಿಂದ ಒಂದು ರಸೀದಿ. ಕೊನೆಗೆ ಇಬ್ಬರಲ್ಲಿ ಯಾರಾದರೊಬ್ಬರಿಂದ ‘ಬೈ’. ಮಾತಿನ ಪ್ಯಾಕೆಟ್ಟುಗಳಾದರೋ ಈ ಪತ್ರಗಳ ದಾರಿಯನ್ನು ಹಿಡಿಯಬೇಕಾಗಿಲ್ಲ. ಅವು ಇಬ್ಬರ ನಡುವೆ ನೇರವಾಗಿ ಹರಿಯಬಹುದು. ಹೀಗಾಗಿ ಮಧ್ಯದ ಸರ್ವರಿಗೆ ಮಾತು ನಡೆಯುತ್ತಿರುವುದು ಪ್ರತ್ಯಕ್ಷವಾಗಿ ತಿಳಿಯದು. ‘ಓಕೆ’ಯನ್ನೂ ‘ಬೈ’ಯನ್ನೂ ಕಂಡು ನಡುವೆ ಮಾತು ನಡೆಯಿತೆಂದು ಅದು ಊಹಿಸುತ್ತದೆ. ಹಳೆಯ ಮೀಟರಿನದು ಪ್ರತ್ಯಕ್ಷ, ಇದರದು ಅನುಮಾನ. ಧೂಮವನ್ನು ಕಂಡು ಅಗ್ನಿಯನ್ನು ಸಾಧಿಸುವಂತೆ ಪತ್ರಗಳನ್ನು ಕಂಡು ಸಂಭಾಷಣೆಯನ್ನು ಸಾಧಿಸುವುದು. ಅನುಮಾನದಲ್ಲಿ ಹೇತ್ವಾಭಾಸಕ್ಕೆ ಎಡೆಯುಂಟೆಂಬುದು ತರ್ಕಪಾಠದ ಮೊದಲ ಮೆಟ್ಟಿಲಲ್ಲಿಯೇ ತಿಳಿಯುವ ವಿಷಯ.

ಆ ದೋಷವು ಬೇಗನೆ ತೋರಿಕೊಂಡಿತು. ಒಂದು ಕಡೆ ವಿದ್ಯುತ್ತು ಹೋದರೆ, ಅಥವಾ ಜಾಲ ತುಂಡಾದರೆ, ‘ಬೈ’ ಎಂಬ ಪತ್ರವು ಹೊರಡುವುದೇ ಇಲ್ಲ. ಮಾತು ಎಂದೋ ನಿಂತಿರುವುದು. ಲೆಕ್ಕದಲ್ಲಿ ಕರೆಯು ಇನ್ನೂ ನಡೆಯುತ್ತಲೇ ಇರುವುದು. ಹತ್ತು ನಿಮಿಷದ ಸಂಭಾಷಣೆಗೆ ಹತ್ತು ಗಂಟೆಗಳ ಬಿಲ್ಲು. ಈ ದೋಷದ ನಿವಾರಣೆಗೆ ೨೦೦೫ರಲ್ಲಿ ಒಂದು ಉಪನಿಯಮವು ಸೇರಿತು: ಗೊತ್ತಾದ ಅವಧಿಗೊಮ್ಮೆ, ಕರೆ ಇನ್ನೂ ಜೀವಂತವಾಗಿದೆಯೆಂದು ತಿಳಿಸುವ ಪತ್ರವೊಂದು ಹೋಗಬೇಕು, ಹೋಗದಿದ್ದರೆ ಕರೆಯು ಮುಗಿದಂತೆ ಭಾವಿಸತಕ್ಕದ್ದು. ಇನ್ನು ಕೆಲವು ಸಾಫ್ಟ್‌ವೇರುಗಳು ತಾವೇ ನಡುವೆ ಕುಳಿತು, ಕರೆದವನಿಗೆ ಕರೆಯಲ್ಪಟ್ಟವನಂತೆಯೂ ಕರೆಯಲ್ಪಟ್ಟವನಿಗೆ ಕರೆದವನಂತೆಯೂ ವರ್ತಿಸಿ, ಒಂದು ಕರೆಯನ್ನು ಎರಡು ಕರೆಗಳಾಗಿ ನಡೆಸುತ್ತವೆ. ೨೦೦೬ರಲ್ಲಿ ಆಂಟನಿ ಮಿನೆಸೇಲ್ ಎಂಬುವರು ಹೊರತಂದ ಫ್ರೀಸ್ವಿಚ್ ಈ ಬಗೆಯದು. ಇಂತಹ ಮಧ್ಯಸ್ಥನು ಬೇಕೆನಿಸಿದಾಗ ತಾನೇ ಎರಡೂ ಕಡೆಗೆ ‘ಬೈ’ ಹೇಳಬಲ್ಲನು. ಪತ್ರಗಳನ್ನು ಮುಂದಕ್ಕೆ ದಾಟಿಸುವುದಷ್ಟೇ ಕೆಲಸವಾದ ಸರ್ವರಿಗೆ ಆ ಅಧಿಕಾರವಿಲ್ಲ. ಹಣದ ವ್ಯವಹಾರವುಳ್ಳವರು ಮೊದಲನೆಯ ಬಗೆಯನ್ನೇ ಹೆಚ್ಚಾಗಿ ನಚ್ಚುವುದಕ್ಕೆ ಇದೇ ಕಾರಣ.

ಇಂತಹ ಸಾಫ್ಟ್‌ವೇರುಗಳು ಸಣ್ಣ ವರ್ತಕರಿಗೂ ದೊರೆಯುವಂತೆ ದಾರಿ ತೆರೆದವನು ಮಾರ್ಕ್ ಸ್ಪೆನ್ಸರ್. ೧೯೯೯ರಲ್ಲಿ, ವಿದ್ಯಾರ್ಥಿದೆಸೆಯಲ್ಲಿಯೇ ಸಣ್ಣದೊಂದು ಕಂಪೆನಿಯನ್ನು ಆರಂಭಿಸಿದ ಈತನು, ಕಚೇರಿಯ ಎಕ್ಸ್‌ಚೇಂಜು ಪೆಟ್ಟಿಗೆಯನ್ನು ಕೊಳ್ಳುವ ಶಕ್ತಿ ಸಾಲದೆ, ಅದೇ ಕೆಲಸವನ್ನು ಮಾಡುವ ಸಾಫ್ಟ್‌ವೇರನ್ನು ತಾನೇ ಬರೆದು ಎಲ್ಲರಿಗೂ ಮುಕ್ತವಾಗಿ ಕೊಟ್ಟನು. ಆಸ್ಟರಿಸ್ಕ್ ಎಂದು ಅದಕ್ಕೆ ಹೆಸರು. ಭಾಷಾಶಾಸ್ತ್ರಜ್ಞರು ಊಹಿತರೂಪಗಳ ಮೊದಲಿಗೆ ಇಡುವ ನಕ್ಷತ್ರಚಿಹ್ನೆಯೇ ಅದು. ಒಂದು ಸಾಧಾರಣ ಗಣಕಯಂತ್ರವಿದ್ದರೆ ಯಾವ ವರ್ತಕನಾದರೂ ತನ್ನ ಕಚೇರಿಯ ಎಕ್ಸ್‌ಚೇಂಜನ್ನು ತಾನೇ ನಡೆಸಬಹುದಾಯಿತು. ಧೈರ್ಯವುಳ್ಳವನು ಇತರರಿಗೂ ಕರೆಗಳನ್ನು ಮಾರಬಹುದಾಯಿತು. ಕಂಪೆನಿಗಳಿಗೆ ಮಾತ್ರ ಸೇರಿದ್ದ ಲೆಕ್ಕದ ಕಷ್ಟಗಳೂ ಅದರೊಡನೆಯೇ ಅವನ ಪಾಲಿಗೆ ಬಂದುವು.

ಆ ಲೆಕ್ಕದ ಮೂಲದ್ರವ್ಯವೆಂದರೆ ಸಿ.ಡಿ.ಆರ್. ಎಂಬ ಕರೆಯ ವಿವರಪತ್ರ. ಆಸ್ಟರಿಸ್ಕಿನ ವಿವರಪತ್ರದಲ್ಲಿ ಕರೆದವನು, ಕರೆಯಲ್ಪಟ್ಟವನು, ಆರಂಭಕಾಲ, ಉತ್ತರಕಾಲ, ಅಂತ್ಯಕಾಲ ಇವುಗಳಲ್ಲದೆ ಎರಡು ಅವಧಿಗಳು ಬೇರೆಬೇರೆಯಾಗಿ ಇರುತ್ತವೆ. ‘ಡ್ಯುರೇಷನ್’ ಎಂಬುದು ಕರೆ ಹೊರಟಾಗಿನಿಂದ ಮುಗಿಯುವವರೆಗಿನದು. ‘ಬಿಲ್‌ಸೆಕ್’ ಎಂಬುದು ಉತ್ತರ ಬಂದಾಗಿನಿಂದ ಮುಗಿಯುವವರೆಗಿನದು. ಗಂಟೆ ಬಾರಿಸಿದ ಹೊತ್ತಿಗೆ ಹಣವಿಲ್ಲ. ಮೊದಲನೆಯದನ್ನು ಎರಡನೆಯದೆಂದು ತಿಳಿದು ಬಿಲ್ಲು ಬರೆದರೆ ಯಾರೂ ಎತ್ತದ ಕರೆಗೂ ಬೆಲೆ ಬೀಳುವುದು.

ವಿವರಪತ್ರದಿಂದ ಬೆಲೆಯನ್ನು ಕಂಡುಹಿಡಿಯುವುದಕ್ಕೆ ದರಪಟ್ಟಿ ಬೇಕು. ಅದರಲ್ಲಿ ದೇಶಗಳ ಹೆಸರಿಗಿಂತ ಮುಖ್ಯವಾದುವು ಸಂಖ್ಯೆಯ ಆದಿಭಾಗಗಳು. ೯೧ ಎಂದರೆ ಭಾರತ. ೯೧೮೦ ಎಂದರೆ ಬೆಂಗಳೂರು. ಒಂದು ಸಂಖ್ಯೆಗೆ ಹಲವು ಆದಿಭಾಗಗಳು ಹೊಂದಿದರೆ ಎಲ್ಲಕ್ಕಿಂತ ಉದ್ದವಾದುದನ್ನೇ ಹಿಡಿಯಬೇಕೆಂಬುದು ನಿಯಮ. ಸಾಮಾನ್ಯವಿಧಿಗಿಂತ ವಿಶೇಷವಿಧಿ ಬಲವತ್ತರವೆಂಬ ವೈಯಾಕರಣರ ಉತ್ಸರ್ಗಾಪವಾದನ್ಯಾಯವು ಇಲ್ಲಿ ಅಕ್ಷರಶಃ ನಡೆಯುತ್ತಿದೆ; ಬರೆದವರು ಪಾಣಿನಿಯನ್ನು ಓದಿದ್ದರೆಂದು ಹೇಳುವ ಹಾಗಿಲ್ಲ, ನ್ಯಾಯವು ಮಾತ್ರ ಅದೇ. ಅಪವಾದವನ್ನು ಬರೆಯಲು ಮರೆತರೆ ಉತ್ಸರ್ಗವು ಎಲ್ಲವನ್ನೂ ನುಂಗುತ್ತದೆ. ೧ ಎಂಬುದು ಅಮೆರಿಕ ಕೆನಡಗಳ ಆದಿಭಾಗ. ೧೮೭೬ ಎಂಬುದು ಜಮೈಕ ದ್ವೀಪದ್ದು. ಪಟ್ಟಿಯಲ್ಲಿ ೧೮೭೬ ಇಲ್ಲದಿದ್ದರೆ ಜಮೈಕದ ಕರೆಯು ಅಮೆರಿಕದ ಅಗ್ಗದ ದರಕ್ಕೆ ಮಾರಾಟವಾಗಿ, ಮೇಲಿನ ಕಂಪೆನಿಯಿಂದ ಜಮೈಕದ ದರದ ಬಿಲ್ಲು ಬರುವುದು. ನಷ್ಟವೆಲ್ಲ ನಡುವಿನ ವರ್ತಕನದು.

ಕಾಲವನ್ನು ಅಳೆಯುವ ಮೊಳವೂ ಎಲ್ಲ ಕಡೆ ಒಂದೇ ಅಲ್ಲ. ಮೊದಲ ಅಳತೆ ಎಷ್ಟು ಸೆಕೆಂಡು, ಅನಂತರದ ಒಂದೊಂದು ಅಳತೆ ಎಷ್ಟು ಸೆಕೆಂಡು ಎಂದು ಜೋಡಿಯಾಗಿ ಬರೆಯುವುದು ಈ ವ್ಯಾಪಾರದ ರೂಢಿ. ೬೧ ಸೆಕೆಂಡುಗಳ ಒಂದು ಕರೆಯನ್ನು ತೆಗೆದುಕೊಳ್ಳಬಹುದು. ಅರುವತ್ತು–ಅರುವತ್ತರ ಲೆಕ್ಕದಲ್ಲಿ ಅದಕ್ಕೆ ೧೨೦ ಸೆಕೆಂಡುಗಳ ಬೆಲೆ. ಮೂವತ್ತು–ಆರರ ಲೆಕ್ಕದಲ್ಲಿ ೬೬. ಒಂದು–ಒಂದರ ಲೆಕ್ಕದಲ್ಲಿ ೬೧. ಕೊಳ್ಳುವಾಗ ಒಂದು ಮೊಳ, ಮಾರುವಾಗ ಒಂದು ಮೊಳವಾದರೆ ಒಂದೇ ಮಾತಿನಲ್ಲಿ ಲಾಭವೂ ಇದೆ, ನಷ್ಟವೂ ಇದೆ. ಭಾರತದ ಜನರಿಗೆ ಈ ಭೇದವು ಮನದಟ್ಟಾದುದು ೨೦೦೯ರಲ್ಲಿ, ಟಾಟಾ ಡೊಕೊಮೊ ಸಂಸ್ಥೆಯು ಸೆಕೆಂಡಿಗೆ ಒಂದು ಪೈಸೆಯೆಂಬ ಲೆಕ್ಕವನ್ನು ತಂದಾಗ.

ಮುಂಗಡ ಹಣ ಕಟ್ಟಿ ಮಾತನಾಡುವ ಪದ್ಧತಿಯಲ್ಲಿ ಗಣನೆಯು ಜೋಡಣೆಗಿಂತ ಮುಂಚೆಯೇ ನಡೆಯಬೇಕು. ಉಳಿದ ಹಣವನ್ನು ದರದಿಂದ ಭಾಗಿಸಿ, ಇಷ್ಟು ಸೆಕೆಂಡುಗಳ ಮೇಲೆ ಕರೆಯನ್ನು ಕಡಿಯತಕ್ಕದ್ದೆಂದು ಗೊತ್ತುಮಾಡಿಕೊಂಡೇ ಸಾಫ್ಟ್‌ವೇರು ಇಬ್ಬರನ್ನು ಕೂಡಿಸುತ್ತದೆ. ಆಸ್ಟರಿಸ್ಕಿನೊಡನೆ ನಡೆಯುವ ಎ-ಟು-ಬಿಲ್ಲಿಂಗ್ ಎಂಬ ಮುಕ್ತ ಸಾಫ್ಟ್‌ವೇರು ಈ ಬಗೆಯ ಕೆಲಸಕ್ಕೆ ಹೆಸರಾದುದು. ಆದರೆ ಒಂದೇ ಖಾತೆಯಿಂದ ಎರಡು ಕರೆಗಳು ಒಟ್ಟಿಗೆ ಹೊರಟರೆ? ಇದ್ದ ನೂರು ರೂಪಾಯಿಯನ್ನೇ ಎರಡಕ್ಕೂ ಆಧಾರವಾಗಿ ಕೊಟ್ಟಂತಾಗುವುದು. ಒಂದೇ ಹೊಲವನ್ನು ಇಬ್ಬರಿಗೆ ಆಧಿಯಿಟ್ಟ ಹಾಗೆ. ಆಧಿಯ ವಿಷಯದಲ್ಲಿ ಮೊದಲು ಮಾಡಿದ ಕ್ರಿಯೆಯೇ ಬಲವತ್ತರವೆಂದು ಸ್ಮೃತಿ ತೀರ್ಮಾನಿಸಿದೆ. ಎಚ್ಚರದಿಂದ ಬರೆದ ಬಿಲ್ಲಿಂಗ್ ಸಾಫ್ಟ್‌ವೇರುಗಳೂ ಮೊದಲ ಕರೆಗೆ ಹಣವನ್ನು ಮೀಸಲಿಟ್ಟು, ಉಳಿದುದರಲ್ಲಿ ಮಾತ್ರ ಎರಡನೆಯದಕ್ಕೆ ಅವಕಾಶ ಕೊಡುತ್ತವೆ.

ಇಷ್ಟೆಲ್ಲ ಏರ್ಪಾಡಿದ್ದರೂ, ಕರೆದವನು ಇವನೇ ಎಂಬುದಕ್ಕೆ ಪ್ರಮಾಣವೇನೆಂಬುದು ಉಳಿದೇ ಇರುತ್ತದೆ. ೨೦೦೬ರಲ್ಲಿ ಅಮೆರಿಕದಲ್ಲಿ ಬಯಲಾದ ಒಂದು ಮೊಕದ್ದಮೆಯು ಇದಕ್ಕೆ ನಿದರ್ಶನ. ಕೆಲವು ಇಂಟರ್‌ನೆಟ್ ದೂರವಾಣಿ ಕಂಪೆನಿಗಳು ತಮ್ಮ ಗಿರಾಕಿಯ ಕರೆಯನ್ನು ಗುರುತಿಸುತ್ತಿದ್ದುದು ಸಂಖ್ಯೆಯ ಮೊದಲಿಗೆ ಸೇರಿಸಿದ ಕೆಲವು ಗೂಢ ಅಂಕೆಗಳಿಂದ. ಗಣಕಯಂತ್ರದಿಂದ ಒಂದರ ಮೇಲೊಂದರಂತೆ ಅಂಕೆಗಳನ್ನು ಪ್ರಯೋಗಿಸಿ ಆ ಗುಟ್ಟನ್ನು ಕಂಡುಹಿಡಿದವರು, ಒಂದು ಕೋಟಿಗಿಂತಲೂ ಹೆಚ್ಚು ನಿಮಿಷಗಳನ್ನು ಆ ಕಂಪೆನಿಗಳ ಲೆಕ್ಕಕ್ಕೆ ಹಾಕಿ ಅನ್ಯರಿಗೆ ಮಾರಿಕೊಂಡರು. ಅಲ್ಲಿ ಗಣನೆಯಲ್ಲಿ ತಪ್ಪಿರಲಿಲ್ಲ. ಒಂದೊಂದು ಸೆಕೆಂಡೂ ಸರಿಯಾಗಿ ಬರೆಯಲ್ಪಟ್ಟಿದ್ದಿತು. ಬರೆದ ಹೆಸರು ಮಾತ್ರ ತಪ್ಪಾಗಿದ್ದಿತು. ಇಂದಿಗೂ ದುರ್ಬಲವಾದ ಗುಪ್ತಪದವುಳ್ಳ ಕಚೇರಿಯೊಂದರ ಎಕ್ಸ್‌ಚೇಂಜಿಗೆ ಶನಿವಾರ ರಾತ್ರಿ ಯಾರೋ ಹೊಕ್ಕು, ಸೋಮವಾರ ಬೆಳಗ್ಗೆ ಯಜಮಾನನು ಬರುವಷ್ಟರಲ್ಲಿ ದೂರದ ದ್ವೀಪಗಳಿಗೆ ಸಾವಿರಾರು ನಿಮಿಷಗಳ ಕರೆ ಮಾಡಿರುವುದು ಈ ವ್ಯಾಪಾರದಲ್ಲಿ ಎಲ್ಲರೂ ಬಲ್ಲ ಮೋಸ. ಬಿಲ್ಲು ಬರುವುದು ಯಜಮಾನನ ಹೆಸರಿಗೇ.

ಭಾರತದಲ್ಲಿ ಇಂಟರ್‌ನೆಟ್ ದೂರವಾಣಿಗೆ ೨೦೦೨ನೆಯ ಏಪ್ರಿಲ್ ೧ರಿಂದ ಮಿತವಾದ ಅನುಮತಿ ದೊರೆಯಿತು. ಗಣಕದಿಂದ ಗಣಕಕ್ಕೂ, ಗಣಕದಿಂದ ವಿದೇಶದ ದೂರವಾಣಿಗೂ ಮಾತನಾಡಬಹುದಾಗಿದ್ದಿತು. ದೇಶದೊಳಗಿನ ಸಾಮಾನ್ಯ ದೂರವಾಣಿಗೆ ಜೋಡಿಸುವಂತಿರಲಿಲ್ಲ. ಇಂಟರ್‌ನೆಟ್ಟಿನಲ್ಲಿ ಬಂದ ಕರೆಯು ತಂತಿಯನ್ನು ಹೊಕ್ಕರೆ ದೂರದ ಕರೆಯ ಸುಂಕವು ತಪ್ಪಿಹೋಗುವುದೆಂಬುದು ಸರ್ಕಾರದ ಆಶಂಕೆ. ಬೆಂಗಳೂರಿನ ಕಾಲ್ ಸೆಂಟರುಗಳಿಗೆ ಇದರ ಬಿಸಿ ಚೆನ್ನಾಗಿ ತಟ್ಟಿತು. ನೋಂದಣಿ ಮಾಡಿಸಬೇಕು; ಕಂಪೆನಿಯ ಒಳಜಾಲದ ಮಾತೂ ಹೊರಗಿನ ದೂರವಾಣಿಯ ಮಾತೂ ಬೆರೆಯದಂತೆ ಅಡ್ಡಗೋಡೆಯಿಡಬೇಕು. ಒಂದೇ ಸಾಫ್ಟ್‌ವೇರಿನೊಳಗೆ ಇಲ್ಲದ ಗೋಡೆಯನ್ನು ಕಟ್ಟುವ ಕೆಲಸವಿದು. ೨೦೧೮ರಲ್ಲಿ ಪರವಾನಗಿಯುಳ್ಳ ಕಂಪೆನಿಗಳಿಗೆ ಇಂಟರ್‌ನೆಟ್ ದೂರವಾಣಿಯ ನಿರ್ಬಂಧವು ಸಡಿಲಿತು. ೨೦೨೦ರ ನವೆಂಬರಿನಲ್ಲಿ ಕಾಲ್ ಸೆಂಟರುಗಳ ನೋಂದಣಿಯ ನಿಯಮವೇ ಹೋಯಿತು. ೨೦೨೧ರಲ್ಲಿ ದೇಶೀಯ, ವಿದೇಶೀಯ ಕೇಂದ್ರಗಳೆಂಬ ಭೇದವೂ ಹೋಯಿತು.

ಈ ನಡುವೆ ಹಣದ ಗಣನೆಯೇ ನಿಂತುಹೋಗುವಂತಹ ಬದಲಾವಣೆಯಾಯಿತು. ೨೦೧೬ರಲ್ಲಿ ಜಿಯೊ ಸಂಸ್ಥೆಯು ಮಾತಿಗೆ ಬೆಲೆಯಿಲ್ಲವೆಂದು ಸಾರಿ ಪೇಟೆಗಿಳಿಯಿತು. ಅದರ ಜಾಲದಲ್ಲಿ ಮಾತು ಹೋಗುವುದು ಪ್ಯಾಕೆಟ್ಟುಗಳಾಗಿಯೇ. ಕೂಡಿಸುವ ಭಾಷೆ ಅದೇ ಎಸ್.ಐ.ಪಿ. ವರ್ತಕರ ಕಚೇರಿಗಳಿಗೆ ಸೀಮಿತವಾಗಿದ್ದ ‘ಇನ್‌ವೈಟ್’, ‘ಬೈ’ಗಳು ಹೀಗೆ ಹೊಲದಲ್ಲಿ ನಿಂತ ರೈತನ ಕೈಯ ಫೋನನ್ನೂ ಸೇರಿದುವು. ಕಂಪೆನಿ ಕಂಪೆನಿಗಳ ನಡುವೆ ನಿಮಿಷಕ್ಕೆ ೬ ಪೈಸೆಯಂತೆ ಸಲ್ಲುತ್ತಿದ್ದ ಶುಲ್ಕವೂ ೨೦೨೧ನೆಯ ಜನವರಿ ೧ರಿಂದ ರದ್ದಾಯಿತು. ನ್ಯೂ ಹೇವನ್ನಿನ ೨೧ ಮಂದಿಯಂತೆ ನಿಯತವಾದ ಹಣವನ್ನು ಕಟ್ಟಿ ಬ�ೇಕಾದಷ್ಟು ಮಾತನಾಡುವ ಸ್ಥಿತಿಗೆ ದೇಶವು ಬಂದಿತೆನ್ನಬಹುದು. ಆದರೂ ವಿವರಪತ್ರವು ಹೋಗಲಿಲ್ಲ. ೨೦೨೧ರ ಡಿಸೆಂಬರಿನಲ್ಲಿ ಸರ್ಕಾರವು ಅದನ್ನು ಕಾಪಾಡಬೇಕಾದ ಅವಧಿಯನ್ನು ಒಂದು ವರ್ಷದಿಂದ ಎರಡು ವರ್ಷಗಳಿಗೆ ಏರಿಸಿತು. ಹಣಕ್ಕಾಗಿ ಹುಟ್ಟಿದ ಬರಹವು ಹಣದ ಅಗತ್ಯ ತೀರಿದ ಮೇಲೆಯೂ ಸಾಕ್ಷ್ಯಕ್ಕಾಗಿ ಉಳಿದುಕೊಂಡಿತು.

ಅದು ಎಂತಹ ಸಾಕ್ಷ್ಯವೆಂಬುದು ನ್ಯಾಯಾಲಯಗಳಲ್ಲಿ ಒಮ್ಮೆಗೇ ಇತ್ಯರ್ಥವಾಗಲಿಲ್ಲ. ಪಾರ್ಲಿಮೆಂಟಿನ ಮೇಲೆ ನಡೆದ ಆಕ್ರಮಣದ ಮೊಕದ್ದಮೆಯಲ್ಲಿ, ೨೦೦೫ರಲ್ಲಿ, ಸುಪ್ರೀಂ ಕೋರ್ಟು ಕರೆಗಳ ವಿವರದ ಮುದ್ರಿತ ಪ್ರತಿಗಳನ್ನು ಪ್ರಮಾಣಪತ್ರವಿಲ್ಲದೆಯೂ ಅಂಗೀಕರಿಸಬಹುದೆಂದಿತು. ೨೦೧೪ರಲ್ಲಿ, ಪಿ. ವಿ. ಅನ್ವರ್ ಅವರ ಚುನಾವಣಾ ಮೊಕದ್ದಮೆಯಲ್ಲಿ, ಆ ಅಭಿಪ್ರಾಯವನ್ನು ತಳ್ಳಿಹಾಕಿ, ಸಾಕ್ಷ್ಯದ ಕಾಯಿದೆಯ ೬೫-ಬಿ ಪ್ರಕರಣವು ಹೇಳುವ ಪ್ರಮಾಣಪತ್ರವಿಲ್ಲದ ವಿದ್ಯುನ್ಮಾನ ಪ್ರತಿಯು ಸಲ್ಲದೆಂದು ತೀರ್ಮಾನಿಸಿತು. ೨೦೨೦ರಲ್ಲಿ ಅರ್ಜುನ ಪಂಡಿತರಾವ್ ಖೋತಕರ್ ಅವರ ಮೊಕದ್ದಮೆಯಲ್ಲಿ ಈ ತೀರ್ಮಾನವೇ ದೃಢವಾಯಿತು; ಮೂಲಯಂತ್ರವನ್ನೇ ತಂದು ಹಾಜರುಪಡಿಸಿದರೆ ಮಾತ್ರ ಪ್ರಮಾಣಪತ್ರ ಬೇಡ. ಎಕ್ಸ್‌ಚೇಂಜನ್ನು ಹೊತ್ತು ತಂದು ನ್ಯಾಯಾಧೀಶರ ಮುಂದಿಡುವುದು ಸಾಧ್ಯವಿಲ್ಲದುದರಿಂದ ದೂರವಾಣಿಯ ಮಟ್ಟಿಗೆ ಪ್ರಮಾಣಪತ್ರವು ಅನಿವಾರ್ಯವೇ ಆಯಿತು. ೨೦೨೪ನೆಯ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ೬೩ನೆಯ ಪ್ರಕರಣದಲ್ಲಿ ಈ ಪತ್ರಕ್ಕೆ ಎರಡು ಭಾಗಗಳು ಗೊತ್ತಾಗಿವೆ. ಒಂದನ್ನು ದಾಖಲೆಯನ್ನು ಹಾಜರುಪಡಿಸುವ ಪಕ್ಷದವನು ಬರೆದುಕೊಡಬೇಕು; ಇನ್ನೊಂದನ್ನು ತಜ್ಞನು ಬರೆಯಬೇಕು; ಬರಹದಲ್ಲಿ ಒಂದಕ್ಷರ ಬದಲಾದರೂ ತಾನೂ ಬದಲಾಗುವ ಹ್ಯಾಶ್ ಎಂಬ ಮುದ್ರಾಂಕವನ್ನು ಎರಡರಲ್ಲಿಯೂ ನಮೂದಿಸಿ, ಇಬ್ಬರೂ ತಮ್ಮ ತಮ್ಮ ಹೆಸರು, ದಿನಾಂಕ, ಸ್ಥಳಗಳೊಡನೆ ರುಜು ಹಾಕತಕ್ಕದ್ದು.